ಟಿ ಕೋಶ ಮತ್ತು ಎನ್‌ಕೆ ಕೋಶಗಳ ಒಳಬಗೆಗಳನ್ನು ಜೀನ್ ಅಭಿವ್ಯಕ್ತಿಯಿಂದ ಗುರುತಿಸುವುದು ಹೇಗೆ: ಒಂದು ಸಮಗ್ರ ಮಾರ್ಗದರ್ಶಿ

ಬಳ್ಳಾರಿ ರಸ್ತೆಯ ಜಿಕೆವಿಕೆ ಆವರಣದಿಂದ ಹಿಡಿದು ಎಲೆಕ್ಟ್ರಾನಿಕ್ ಸಿಟಿಯವರೆಗೆ, ಬೆಂಗಳೂರಿನಲ್ಲಿ ಈಗ ಏಕಕೋಶ ಆರ್‌ಎನ್‌ಎ ಸೀಕ್ವೆನ್ಸಿಂಗ್ ದತ್ತಾಂಶವನ್ನು (ಒಂದೊಂದು ಕೋಶದಲ್ಲೂ ಯಾವ ಜೀನ್‌ನ ಆರ್‌ಎನ್‌ಎ ಎಷ್ಟಿದೆ ಎಂಬ ಎಣಿಕೆಯನ್ನು) ಮುಂದಿಟ್ಟುಕೊಂಡು ಕೂತ ವಿದ್ಯಾರ್ಥಿಗಳು ಎಲ್ಲೆಡೆ ಸಿಗುತ್ತಾರೆ. ಕೋಶಗಳನ್ನು ಗುಂಪುಗಳಾಗಿ ವಿಂಗಡಿಸುವ ಕೆಲಸವನ್ನು ಸ್ಯೂರಾ ಅಥವಾ ಸ್ಕ್ಯಾನ್‌ಪೈ ತಂತ್ರಾಂಶಗಳು ಕೆಲವೇ ನಿಮಿಷಗಳಲ್ಲಿ ಮುಗಿಸಿಕೊಡುತ್ತವೆ. ಆ ಗುಂಪುಗಳಿಗೆ ಹೆಸರಿಡುವ ಹೊತ್ತಿಗೆ ಮಾತ್ರ ಕೈ ತಡೆಯುತ್ತದೆ. ‘ಮೇಡಂ, ಈ ಕ್ಲಸ್ಟರ್ ಎನ್‌ಕೆಯೋ, ಸಿಡಿ8 ಟಿ ಕೋಶವೋ?’ ಎಂಬ ಪ್ರಶ್ನೆಯನ್ನು ನಾನು ಲೆಕ್ಕವಿಲ್ಲದಷ್ಟು ಸಲ ಕೇಳಿದ್ದೇನೆ, ಮತ್ತು ಅದು ನಿಜಕ್ಕೂ ಕಷ್ಟದ ಪ್ರಶ್ನೆ. ಎನ್‌ಕೆ (ನ್ಯಾಚುರಲ್ ಕಿಲ್ಲರ್) ಕೋಶ, ಕೊಲ್ಲುವ ಸಿಡಿ8 ಟಿ ಕೋಶ ಎರಡೂ ಲಿಂಫೋಸೈಟ್ ಎಂಬ ಬಿಳಿ ರಕ್ತಕೋಶಗಳ ವಂಶದವು. ಎರಡೂ ಪರ್ಫೋರಿನ್‌ನಿಂದ ಶತ್ರುಕೋಶದ ಪೊರೆಯಲ್ಲಿ ರಂಧ್ರ ಕೊರೆದು ಗ್ರ್ಯಾನ್‌ಜೈಮ್‌ಗಳನ್ನು ಒಳಗೆ ಕಳಿಸಿ ಕೊಲ್ಲುತ್ತವೆ. ಕೊಲ್ಲುವ ಉಪಕರಣಗಳು ಒಂದೇ ಆಗಿರುವಾಗ ಅವುಗಳನ್ನು ತಯಾರಿಸುವ ಜೀನ್‌ಗಳೂ ಒಂದೇ ಆಗಿರುವುದು ಸಹಜ.

ಆದ್ದರಿಂದ ಈ ಬರಹದುದ್ದಕ್ಕೂ ನಾನು ಹಿಡಿದಿರುವ ನಿಯಮ ಇದು: ಯಾವ ಕೋಶಕ್ಕೂ ಒಂದೇ ಜೀನ್ ನೋಡಿ ಹೆಸರಿಡಬಾರದು. ಪ್ರತಿ ಹೆಸರಿಗೂ ಇರಬೇಕಾದ ಜೀನ್‌ಗಳ ಸಾಕ್ಷಿಯ ಜೊತೆಗೆ ಇರಬಾರದ ಜೀನ್‌ಗಳ ಸಾಕ್ಷಿಯೂ ಬೇಕು. ಎರಡೂ ಕೂಡಿ ಬಾರದಿದ್ದಾಗ ಮೇಲಿನ ಹಂತದ ಸಾಮಾನ್ಯ ಹೆಸರಿನಲ್ಲೇ ನಿಲ್ಲಬೇಕು.

ಶುರು ಮಾಡುವ ಮುನ್ನ ತಿಳಿದುಕೊಳ್ಳಬೇಕಾದುದು

ದತ್ತಾಂಶ ಕೈಗೆ ಬಂದ ಕೂಡಲೇ ಮೂರು ಸಂಗತಿಗಳನ್ನು ವಿಚಾರಿಸಿ ಬರೆದಿಟ್ಟುಕೊಳ್ಳಿ. ಮೊದಲನೆಯದು, ಆರ್‌ಎನ್‌ಎಯ ಯಾವ ತುದಿಯನ್ನು ಓದಲಾಗಿದೆ, 3′ ತುದಿಯನ್ನೋ 5′ ತುದಿಯನ್ನೋ ಎಂಬುದು. ಟಿ ಕೋಶದ ಗ್ರಾಹಕದ ಬದಲಾಗುವ ಭಾಗ 5′ ತುದಿಯ ಕಡೆಗಿರುವುದರಿಂದ, 3′ ಓದಿನಲ್ಲಿ ಟಿಆರ್‌ಎವಿ, ಟಿಆರ್‌ಡಿವಿ ಮುಂತಾದ ಜೀನ್‌ಗಳು ಸರಿಯಾಗಿ ಕಾಣಸಿಗುವುದಿಲ್ಲ. ಎರಡನೆಯದು, ಗ್ರಾಹಕದ ಸೀಕ್ವೆನ್ಸ್ ಅಥವಾ ಮೇಲ್ಮೈ ಪ್ರೋಟೀನ್‌ಗಳ ಅಳತೆ ಜೊತೆಗಿದೆಯೇ ಎಂಬುದು. ಇದ್ದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಮೂರನೆಯದನ್ನು ಯಾರೂ ಕೇಳುವುದಿಲ್ಲ: ರಕ್ತ ತೆಗೆದ ಗಳಿಗೆಗೂ ಕೋಶಗಳನ್ನು ಬೇರ್ಪಡಿಸಿದ ಗಳಿಗೆಗೂ ನಡುವೆ ಎಷ್ಟು ಹೊತ್ತು ಕಳೆದಿದೆ?

ನಮ್ಮ ಊರಿನಲ್ಲಿ ಈ ಮೂರನೆಯ ಪ್ರಶ್ನೆಗೆ ತೂಕ ಹೆಚ್ಚು. ಜಯನಗರದ ಕಡೆ ಬೆಳಿಗ್ಗೆ ತೆಗೆದ ರಕ್ತ ಮೇಖ್ರಿ ವೃತ್ತ, ಹೆಬ್ಬಾಳಗಳನ್ನು ದಾಟಿ ಬೆಂಚಿಗೆ ಬರುವಷ್ಟರಲ್ಲಿ ಮಧ್ಯಾಹ್ನವಾಗಿರಬಹುದು. ಕೋಣೆಯ ತಾಪದಲ್ಲಿ ಗಂಟೆಗಟ್ಟಲೆ ಕಾದ ಕೋಶಗಳ ಅಭಿವ್ಯಕ್ತಿ ಬದಲಾಗುತ್ತದೆ; ದೇಹದ ಬಿಸಿಗೆ ಹೋಲಿಸಿದರೆ ಕೋಣೆಯೂ ತಂಪೇ ಆದ್ದರಿಂದ, ಚಳಿಗೆ ಸ್ಪಂದಿಸುವ ಸಿಐಆರ್‌ಬಿಪಿಯಂಥ ಜೀನ್‌ಗಳು ಏರುತ್ತವೆ. ಅಂಗಾಂಶವನ್ನು ಕಿಣ್ವದಿಂದ ಬಿಡಿಸಿದ್ದರೆ ಎಫ್‌ಒಎಸ್, ಜೆಯುಎನ್, ಎಚ್‌ಎಸ್‌ಪಿಎ1ಎ ಏರುತ್ತವೆ. ಇದನ್ನು ತಿಳಿಯದವರು ದಾರಿಯಲ್ಲಿ ಕಾದ ಟಿ ಕೋಶಗಳಿಗೆ ಹೊಸ ಒಳಬಗೆಯ ಪಟ್ಟ ಕಟ್ಟಿಬಿಡುತ್ತಾರೆ. ಪ್ರತಿ ಮಾದರಿಯ ಎದುರು ಎರಡೂ ಸಮಯಗಳನ್ನು ಬರೆದಿಡಿ.

ಸ್ವಂತ ದತ್ತಾಂಶ ಇನ್ನೂ ಇಲ್ಲದವರು ಟೆನ್‌ಎಕ್ಸ್ ಜೀನೋಮಿಕ್ಸ್ ಕಂಪನಿ ಸಾರ್ವಜನಿಕವಾಗಿ ಇಟ್ಟಿರುವ 2,700 ರಕ್ತಕೋಶಗಳ ದತ್ತಾಂಶದಲ್ಲಿ ಕೈ ಪಳಗಿಸಿಕೊಳ್ಳಬಹುದು. ಸಾಧಾರಣ ಲ್ಯಾಪ್‌ಟಾಪ್ ಸಾಕು.

ಮೊದಲನೆಯ ಹೆಜ್ಜೆ: ಜರಡಿ ಹಿಡಿಯುವುದು

ಆ 2,700 ಕೋಶಗಳ ಪ್ರಸಿದ್ಧ ಪಾಠದಲ್ಲಿ 200ಕ್ಕಿಂತ ಕಡಿಮೆ ಅಥವಾ 2,500ಕ್ಕಿಂತ ಹೆಚ್ಚು ಜೀನ್ ಕಂಡ ಕೋಶಗಳನ್ನೂ, ಮೈಟೊಕಾಂಡ್ರಿಯದ ಆರ್‌ಎನ್‌ಎ ಪಾಲು ಶೇ. 5 ಮೀರಿದ ಕೋಶಗಳನ್ನೂ ತೆಗೆಯುತ್ತಾರೆ. ಹಲವರು ಈ ಅಂಕಿಗಳನ್ನು ಹಾಗೆಯೇ ನಕಲು ಮಾಡುತ್ತಾರೆ, ಅದು ತಪ್ಪು. ಅವು ಆ ದತ್ತಾಂಶಕ್ಕೆ, ಆ ಕಾಲದ ರಾಸಾಯನಿಕ ಕಿಟ್‌ಗೆ ಹೊಂದುವ ಅಂಕಿಗಳು. ಇನ್ನೂ ಪ್ರತಿಜನಕವನ್ನೇ (ಆ್ಯಂಟಿಜೆನ್) ಕಾಣದ ಮುಗ್ಧ ಟಿ ಕೋಶ ಗಾತ್ರದಲ್ಲಿ ಚಿಕ್ಕದು, ಅದರಲ್ಲಿ ಆರ್‌ಎನ್‌ಎ ಕಡಿಮೆ. ಕೆಳಗಿನ ಮಿತಿಯನ್ನು ಏರಿಸಿದರೆ ಮೊದಲು ಕಳೆದುಹೋಗುವುದು ಅದೇ. ವಿಭಜನೆಯಲ್ಲಿ ತೊಡಗಿದ ಟಿ ಕೋಶದಲ್ಲಿ ಜೀನ್‌ಗಳು ಬಹಳ ಕಾಣುತ್ತವೆ; ಮೇಲಿನ ಮಿತಿಯನ್ನು ಇಳಿಸಿದರೆ ಅದು ಹೋಗುತ್ತದೆ. ಹಂಚಿಕೆಯ ಚಿತ್ರವನ್ನು ಪ್ರತಿ ಮಾದರಿಗೂ ಬೇರೆಬೇರೆಯಾಗಿ ನೋಡಿ ಮಿತಿ ಗೊತ್ತುಮಾಡಿ.

ನಂತರ ಜೋಡಿಕೋಶಗಳನ್ನು, ಅಂದರೆ ಕೋಶಗಳನ್ನು ಒಂದೊಂದಾಗಿ ಬೇರ್ಪಡಿಸಬೇಕಾದ ಹನಿಗಳಲ್ಲಿ ಒಂದೇ ಹನಿಯಲ್ಲಿ ಸಿಕ್ಕಿಕೊಂಡ ಎರಡು ಕೋಶಗಳನ್ನು ಹುಡುಕಬೇಕು. ಸ್ಕ್ರಬ್ಲೆಟ್ ಮತ್ತು ಡಬ್ಲೆಟ್‌ಫೈಂಡರ್ ಇದಕ್ಕೆ ನೆರವಾಗುತ್ತವೆ. ಟಿ ಕೋಶದ ಗುಂಪಿನಲ್ಲಿ ಎಲ್‌ವೈಜೆಡ್, ಎಸ್100ಎ8 ಕಂಡರೆ ಮಾನೊಸೈಟ್ ಅಂಟಿಕೊಂಡಿದೆ. ಎಂಎಸ್4ಎ1, ಸಿಡಿ79ಎ ಕಂಡರೆ ಬಿ ಕೋಶ. ಪಿಪಿಬಿಪಿ, ಪಿಎಫ್4 ಕಂಡರೆ ಕಿರುಬಿಲ್ಲೆ (ಪ್ಲೇಟ್‌ಲೆಟ್). ಆದರೆ ಒಂದು ಟಿ ಕೋಶವೂ ಒಂದು ಎನ್‌ಕೆ ಕೋಶವೂ ಜೋಡಿಯಾದರೆ ಈ ಸಲಕರಣೆಗಳಿಗೆ ಸುಲಭವಾಗಿ ಗೊತ್ತಾಗುವುದಿಲ್ಲ, ಏಕೆಂದರೆ ಎರಡರ ಅಭಿವ್ಯಕ್ತಿ ಅಷ್ಟು ಹತ್ತಿರ. ಟಿ ಕೋಶದ ಗುರುತಾದ ಸಿಡಿ3 ಮತ್ತು ಎನ್‌ಕೆ ಗುರುತಾದ ಕೆಎಲ್‌ಆರ್‌ಎಫ್1 ಒಟ್ಟಿಗೆ ಜೋರಾಗಿ ಕಾಣುವ ಪುಟ್ಟ ಗುಂಪು ಎದುರಾದಾಗ, ಅದಕ್ಕೆ ದೊಡ್ಡ ಹೆಸರಿಡುವ ಮುನ್ನ ಅದರ ಒಟ್ಟು ಆರ್‌ಎನ್‌ಎ ಎಣಿಕೆ ನೆರೆಯ ಗುಂಪುಗಳಿಗಿಂತ ಹೆಚ್ಚಿದೆಯೇ ಎಂದು ನೋಡಿ. ಒಡೆದ ಕೋಶಗಳಿಂದ ದ್ರಾವಣಕ್ಕೆ ಸೋರಿದ ಆರ್‌ಎನ್‌ಎ ಎಲ್ಲ ಹನಿಗಳಿಗೂ ಸ್ವಲ್ಪಸ್ವಲ್ಪ ಸೇರಿರುತ್ತದೆ ಎಂಬುದನ್ನೂ ಮರೆಯಬೇಡಿ. ಅದನ್ನು ಕಳೆಯಲು ಸೂಪ್‌ಎಕ್ಸ್ ಇದೆ.

ಎರಡನೆಯ ಹೆಜ್ಜೆ: ಟಿ, ಎನ್‌ಕೆ ಕೋಶಗಳನ್ನು ಮಾತ್ರ ಎತ್ತಿಕೊಂಡು ಮತ್ತೆ ವಿಂಗಡಿಸುವುದು

ಎಲ್ಲ ರಕ್ತಕೋಶಗಳನ್ನೂ ಒಟ್ಟಿಗೆ ವಿಂಗಡಿಸಿದಾಗ ಗಣಿತದ ಮುಖ್ಯ ಅಕ್ಷಗಳೆಲ್ಲ ಮಾನೊಸೈಟ್, ಬಿ ಕೋಶ, ಟಿ ಕೋಶಗಳ ದೊಡ್ಡ ವ್ಯತ್ಯಾಸಗಳನ್ನು ಹೇಳುವುದರಲ್ಲೇ ಮುಗಿದುಹೋಗುತ್ತವೆ. ಟಿ ಕೋಶಗಳ ನಡುವಿನ ಸೂಕ್ಷ್ಮ ವ್ಯತ್ಯಾಸಕ್ಕೆ ಅಲ್ಲಿ ಜಾಗವೇ ಉಳಿಯುವುದಿಲ್ಲ. ಹೀಗಾಗಿ ಮೊದಲ ಸುತ್ತಿನಲ್ಲಿ ಟಿ ಮತ್ತು ಎನ್‌ಕೆ ಗುಂಪುಗಳನ್ನು ಅಂಚಿನ ಗುಂಪುಗಳ ಸಮೇತ ಧಾರಾಳವಾಗಿ ಎತ್ತಿಕೊಂಡು, ಹೆಚ್ಚು ಬದಲಾಗುವ ಜೀನ್‌ಗಳ ಆಯ್ಕೆಯಿಂದಲೇ ಎಲ್ಲವನ್ನೂ ಮತ್ತೆ ಮಾಡಬೇಕು.

ಹಾಗೆ ಆಯ್ದ ಪಟ್ಟಿಯಿಂದ ಟಿಆರ್‌ಎವಿ, ಟಿಆರ್‌ಬಿವಿ, ಟಿಆರ್‌ಜಿವಿ, ಟಿಆರ್‌ಡಿವಿ ಎಂದು ಶುರುವಾಗುವ ಜೀನ್‌ಗಳನ್ನು ತೆಗೆದುಬಿಡಿ. ಇಲ್ಲದಿದ್ದರೆ ಒಂದೇ ತಾಯಿಕೋಶದಿಂದ ಹುಟ್ಟಿ ಹೆಚ್ಚಿದ ಟಿ ಕೋಶಗಳು, ತಮ್ಮ ಕೆಲಸ ಯಾವುದೇ ಇರಲಿ, ಗ್ರಾಹಕದ ಹೋಲಿಕೆಯಿಂದಲೇ ಒಂದು ಗುಂಪಾಗಿ ನಿಲ್ಲುತ್ತವೆ. ತೆಗೆಯಬೇಕಾದದ್ದು ವಿಂಗಡಣೆಗೆ ಬಳಸುವ ಪಟ್ಟಿಯಿಂದ ಮಾತ್ರ; ಮೂಲ ಕೋಷ್ಟಕದಲ್ಲಿ ಅವು ಇರಲೇಬೇಕು, ಮುಂದೆ ಅವುಗಳದೇ ಸಾಕ್ಷಿ ಬೇಕಾಗುತ್ತದೆ. ದಾನಿಗಳ ನಡುವಿನ ವ್ಯತ್ಯಾಸವನ್ನು ಹಾರ್ಮನಿ ಎಂಬ ತಂತ್ರಾಂಶದಿಂದ ಸರಿಪಡಿಸಬಹುದು, ಆದರೆ ಮಿತವಾಗಿ. ಒಬ್ಬ ದಾನಿಯಲ್ಲಿ ಮಾತ್ರ ನಿಜವಾಗಿ ಹೆಚ್ಚಿರುವ ಬಗೆಯನ್ನು ಅತಿಯಾದ ಸರಿಪಡಿಕೆ ಅಳಿಸಿಹಾಕಬಲ್ಲದು.

ಮೂರನೆಯ ಹೆಜ್ಜೆ: ಟಿ ಕೋಶವೋ, ಎನ್‌ಕೆ ಕೋಶವೋ?

ಇಲ್ಲಿ ಅವಸರ ಬೇಡ. ಟಿ ಕೋಶದ ಪರವಾದ ಗಟ್ಟಿ ಸಾಕ್ಷಿಗಳು ಸಿಡಿ3ಡಿ, ಸಿಡಿ3ಜಿ ಮತ್ತು ಟಿಆರ್‌ಎಸಿ. ಎನ್‌ಕೆ ಪರವಾದವು ಕೆಎಲ್‌ಆರ್‌ಎಫ್1, ಟಿವೈಆರ್‌ಒಬಿಪಿ, ಎಫ್‌ಸಿಇಆರ್1ಜಿ, ಎನ್‌ಸಿಎಎಂ1. ಇವುಗಳ ಜೊತೆಗೆ ಮೊದಲಿನ ಮೂರೂ ಇರಬಾರದು. ಎನ್‌ಸಿಎಎಂ1 ಎಂದರೆ ಎನ್‌ಕೆ ಕೋಶದ ಪ್ರಸಿದ್ಧ ಗುರುತಾದ ಸಿಡಿ56. ಪ್ರೋಟೀನಿನ ಮಟ್ಟದಲ್ಲಿ ಅದು ಎಷ್ಟು ನಂಬಿಕಸ್ಥವೋ ಆರ್‌ಎನ್‌ಎ ಮಟ್ಟದಲ್ಲಿ ಅಷ್ಟು ದುರ್ಬಲ. ಬಹಳಷ್ಟು ಎನ್‌ಕೆ ಕೋಶಗಳಲ್ಲಿ ಅದರ ಒಂದು ಪ್ರತಿಯೂ ಸಿಗುವುದಿಲ್ಲ.

ಈಗ ಹಾದಿ ತಪ್ಪಿಸುವ ಜೀನ್‌ಗಳನ್ನು ನೋಡೋಣ. ಎನ್‌ಕೆಜಿ7 ಎಂಬ ಹೆಸರಿನಲ್ಲೇ ಎನ್‌ಕೆ ಇದೆ, ಆದರೆ ಕೊಲ್ಲುವ ಸಾಮರ್ಥ್ಯವುಳ್ಳ ಸಿಡಿ8 ಟಿ ಕೋಶದಲ್ಲೂ ಅದು ಜೋರಾಗಿಯೇ ಇರುತ್ತದೆ. ಜಿಎನ್‌ಎಲ್‌ವೈ, ಪಿಆರ್‌ಎಫ್1, ಜಿಜೆಡ್‌ಎಂಬಿ, ಕೆಎಲ್‌ಆರ್‌ಡಿ1 ಕೂಡ ಹಾಗೆಯೇ. ಇನ್ನೊಂದು ಕಡೆ, ಸಿಡಿ3 ಸಮೂಹದ ಝೀಟಾ ಸರಪಳಿಯನ್ನು ತಯಾರಿಸುವ ಸಿಡಿ247 ಎನ್‌ಕೆ ಕೋಶದ ಸ್ವಂತ ಆಸ್ತಿಯೂ ಹೌದು, ಏಕೆಂದರೆ ಸಿಡಿ16 ಗ್ರಾಹಕ ತನ್ನ ಸಂಕೇತವನ್ನು ಕೋಶದೊಳಕ್ಕೆ ಸಾಗಿಸುವುದು ಅದರ ಮೂಲಕವೂ. ಸಿಡಿ3ಇ ಕೆಲವು ಎನ್‌ಕೆ ಕೋಶಗಳಲ್ಲಿ ಆರ್‌ಎನ್‌ಎಯಾಗಿ ಕಾಣುತ್ತದೆ. ಗಾಮಾ-ಡೆಲ್ಟಾ ಎಂಬ ಬೇರೆ ಬಗೆಯ ಗ್ರಾಹಕವಿರುವ ಟಿ ಕೋಶದ ಗುರುತೆಂದು ಪುಸ್ತಕ ಹೇಳುವ ಟಿಆರ್‌ಡಿಸಿ ಎನ್‌ಕೆ ಕೋಶಗಳಲ್ಲಿ ಧಾರಾಳವಾಗಿ ಸಿಗುತ್ತದೆ. ಗ್ರಾಹಕವನ್ನು ಕಟ್ಟದಿದ್ದರೂ ಜೀನ್‌ನ ಆ ಭಾಗ ಮಾತ್ರ ನಕಲಾಗುತ್ತಿರುತ್ತದೆ. ಸಿಡಿ8ಎ ಒಂದಷ್ಟು ಎನ್‌ಕೆ ಕೋಶಗಳಲ್ಲಿ ಇರುತ್ತದೆ, ಸಿಡಿ8ಬಿ ಮಾತ್ರ ಸಾಮಾನ್ಯವಾಗಿ ಇರುವುದಿಲ್ಲ. ಸಿಡಿ8ಬಿಯನ್ನು ನೋಡುವ ಅಭ್ಯಾಸ ಮಾಡಿಕೊಳ್ಳಿ.

ಈ ಮಾತುಗಳನ್ನು ನಾನು ಪೆಟ್ಟು ತಿಂದು ಕಲಿತವಳು. ಕೆಲವು ವರ್ಷಗಳ ಹಿಂದೆ ಒಂದು ಕ್ಲಸ್ಟರಿನಲ್ಲಿ ಎನ್‌ಕೆಜಿ7, ಜಿಎನ್‌ಎಲ್‌ವೈ, ಕೆಎಲ್‌ಆರ್‌ಡಿ1, ಟಿಆರ್‌ಡಿಸಿ ನಾಲ್ಕೂ ಏರಿದ್ದನ್ನು ಕಂಡು, ಸಿಡಿ8ಬಿ ಇಲ್ಲವಲ್ಲ ಎಂದು ಧೈರ್ಯದಿಂದ ಎನ್‌ಕೆ ಎಂದು ಬರೆದಿದ್ದೆ. ವರದಿ ಹೊರಡುವ ಹಿಂದಿನ ಸಂಜೆ ಸಹೋದ್ಯೋಗಿಯೊಬ್ಬರು, ಸಿಡಿ3ಡಿ ಎಷ್ಟಿದೆ ಎಂದು ಕೇಳಿದರು. ತೆರೆದು ನೋಡಿದರೆ ಆ ಗುಂಪಿನ ಬಹುಪಾಲು ಕೋಶಗಳಲ್ಲಿ ಸಿಡಿ3ಡಿ, ಸಿಡಿ3ಜಿ ಇದ್ದವು; 5′ ದತ್ತಾಂಶವಾದ್ದರಿಂದ ಟಿಆರ್‌ಡಿವಿ2 ಮತ್ತು ಟಿಆರ್‌ಜಿವಿ9 ಕೂಡ ಸ್ಪಷ್ಟವಾಗಿ ಎದ್ದು ಕಂಡವು. ಅದು ಗಾಮಾ-ಡೆಲ್ಟಾ ಟಿ ಕೋಶಗಳ ಗುಂಪು. ಇರಬೇಕಾದವನ್ನು ಎಣಿಸಿ, ಇರಬಾರದವನ್ನು ನೋಡದೆ ಹೋದದ್ದು ನನ್ನ ತಪ್ಪು. ಅಂದಿನಿಂದ ಸಿಡಿ3ಡಿ, ಸಿಡಿ3ಜಿ, ಟಿಆರ್‌ಎಸಿ, ಟಿಆರ್‌ಡಿಸಿ, ಸಿಡಿ8ಬಿ, ಕೆಎಲ್‌ಆರ್‌ಎಫ್1, ಎಫ್‌ಸಿಇಆರ್1ಜಿ ಈ ಏಳರ ಚುಕ್ಕಿಚಿತ್ರವನ್ನು (ಡಾಟ್ ಪ್ಲಾಟ್) ಮೊದಲು ತೆಗೆಯದೆ ಯಾವ ಹೆಸರನ್ನೂ ಬರೆಯುವುದಿಲ್ಲ.

ನಾಲ್ಕನೆಯ ಹೆಜ್ಜೆ: ಎನ್‌ಕೆ ಒಳಬಗೆಗಳು

ರಕ್ತದ ಎನ್‌ಕೆ ಕೋಶಗಳಲ್ಲಿ ಸುಮಾರು ಶೇ. 90ರಷ್ಟು ಸಿಡಿ56 ಮಂದವಾಗಿರುವವು. ಅವುಗಳಲ್ಲಿ ಎಫ್‌ಸಿಜಿಆರ್3ಎ (ಸಿಡಿ16ರ ಜೀನ್), ಎಫ್‌ಜಿಎಫ್‌ಬಿಪಿ2, ಎಸ್‌ಪಿಒಎನ್2, ಜಿಜೆಡ್‌ಎಂಬಿ, ಪಿಆರ್‌ಎಫ್1 ಹೆಚ್ಚು. ಸಿಡಿ56 ಪ್ರಖರವಾಗಿರುವ ಉಳಿದ ಚಿಕ್ಕ ಪಾಲಿನಲ್ಲಿ ಎಕ್ಸ್‌ಸಿಎಲ್1, ಎಕ್ಸ್‌ಸಿಎಲ್2, ಎಸ್‌ಇಎಲ್‌ಎಲ್, ಜಿಜೆಡ್‌ಎಂಕೆ, ಕೆಎಲ್‌ಆರ್‌ಸಿ1 ಹೆಚ್ಚು, ಎಫ್‌ಸಿಜಿಆರ್3ಎ ಕಡಿಮೆ. ಮೂರನೆಯದಾಗಿ ಸೈಟೊಮೆಗಲೊವೈರಸ್ ಸೋಂಕಿಗೆ ಒಳಗಾದವರಲ್ಲಿ ಹಿಗ್ಗುವ, ನೆನಪಿನ ಗುಣವಿರುವ ಹೊಂದಿಕೆಯ (ಅಡಾಪ್ಟಿವ್) ಎನ್‌ಕೆ ಕೋಶಗಳಿವೆ: ಕೆಎಲ್‌ಆರ್‌ಸಿ2 ಹೆಚ್ಚು, ಎಫ್‌ಸಿಇಆರ್1ಜಿ ಕಡಿಮೆ, ಜೊತೆಗೆ ಮೇಲೆ ಹೇಳಿದ ಸಿಡಿ3ಇ. ಟಿ ಕೋಶವೆಂದು ತಪ್ಪಾಗಿ ಕರೆಸಿಕೊಳ್ಳುವ ಎನ್‌ಕೆ ಕೋಶಗಳು ಹೆಚ್ಚಾಗಿ ಇವೇ. ಕೆಲವರಲ್ಲಿ ಕೆಎಲ್‌ಆರ್‌ಸಿ2 ಜೀನ್ ಹುಟ್ಟಿನಿಂದಲೇ ಇರುವುದಿಲ್ಲ. ಅಂಥ ದಾನಿಯಲ್ಲಿ ಅದು ಕಾಣದಿದ್ದ ಮಾತ್ರಕ್ಕೆ ಈ ಬಗೆ ಇಲ್ಲವೆಂದು ತೀರ್ಮಾನಿಸಲಾಗದು.

2024ರಲ್ಲಿ ಪ್ರಕಟವಾದ ವರ್ಗೀಕರಣವೊಂದು ಇವನ್ನೇ ಹೆಚ್ಚುಕಡಿಮೆ ಎನ್‌ಕೆ1, ಎನ್‌ಕೆ2, ಎನ್‌ಕೆ3 ಎಂದು ಕರೆಯುತ್ತದೆ: ಮಂದ, ಪ್ರಖರ, ಹೊಂದಿಕೆಯವು ಎಂಬ ಅನುಕ್ರಮದಲ್ಲಿ. ಯಾವ ಹೆಸರು ಬಳಸಿದರೂ ವರದಿಯುದ್ದಕ್ಕೂ ಒಂದನ್ನೇ ಬಳಸಿ. ಐಎಲ್7ಆರ್, ಕೆಐಟಿ ಹೆಚ್ಚಿದ್ದು ಸಿಡಿ3 ಆಗಲಿ ಪಿಆರ್‌ಎಫ್1 ಆಗಲಿ ಇಲ್ಲದ ಪುಟ್ಟ ಗುಂಪು ಸಿಕ್ಕರೆ, ಅದು ಎನ್‌ಕೆಯ ಸೋದರಸಂಬಂಧಿಯಾದ ಜನ್ಮಜಾತ ಲಿಂಫಾಯ್ಡ್ ಕೋಶವಾಗಿರಬಹುದು.

ಐದನೆಯ ಹೆಜ್ಜೆ: ಟಿ ಕೋಶಗಳನ್ನು ಬಿಡಿಸುವುದು

ಮೊದಲಿಗೆ ಟಿ ಕೋಶಗಳ ಎರಡು ದೊಡ್ಡ ಬಗೆಗಳು, ನೆರವಾಗುವ ಸಿಡಿ4 ಮತ್ತು ಕೊಲ್ಲುವ ಸಿಡಿ8. ಸಿಡಿ4 ಜೀನ್‌ನ ಆರ್‌ಎನ್‌ಎ ಟಿ ಕೋಶದಲ್ಲಿ ಕಡಿಮೆ ಇರುವುದರಿಂದ ನಿಜವಾದ ಸಿಡಿ4 ಟಿ ಕೋಶಗಳಲ್ಲಿಯೂ ಅದು ಬಹಳ ಸಲ ಸೊನ್ನೆ ಎಂದೇ ಓದಿಸಿಕೊಳ್ಳುತ್ತದೆ. ಬಿಡಿ ಕೋಶವನ್ನು ಅದರಿಂದ ಅಳೆಯದೆ ಇಡೀ ಗುಂಪಿನ ಸರಾಸರಿಯನ್ನು ನೋಡಿ, ಜೊತೆಗೆ ಸಿಡಿ40ಎಲ್‌ಜಿಯನ್ನು ನೋಡಿ. ಸಿಡಿ8 ಇಲ್ಲದ ಟಿ ಕೋಶವೆಲ್ಲ ಸಿಡಿ4 ಎಂದುಕೊಂಡರೆ ಗಾಮಾ-ಡೆಲ್ಟಾ ಕೋಶಗಳು ಸದ್ದಿಲ್ಲದೆ ಆ ರಾಶಿಗೆ ಸೇರಿಹೋಗುತ್ತವೆ.

ಮುಗ್ಧ ಕೋಶಗಳಲ್ಲಿ ಸಿಸಿಆರ್7, ಎಲ್‌ಇಎಫ್1, ಟಿಸಿಎಫ್7, ಎಸ್‌ಇಎಲ್‌ಎಲ್ ಹೆಚ್ಚು. ನೆನಪಿನ ಕೋಶಗಳಾಗುತ್ತ ಇವು ಇಳಿದು ಎಸ್100ಎ4 ಏರುತ್ತದೆ. ಸಿಡಿ8 ಕೋಶಗಳಲ್ಲಿ ನಡುವಿನ ಹಂತದಲ್ಲಿ ಜಿಜೆಡ್‌ಎಂಕೆ, ಕೊನೆಯ ಹಂತದಲ್ಲಿ ಜಿಜೆಡ್‌ಎಂಬಿ, ಜಿಜೆಡ್‌ಎಂಎಚ್, ಎಫ್‌ಜಿಎಫ್‌ಬಿಪಿ2, ಸಿಎಕ್ಸ್3ಸಿಆರ್1 ಬರುತ್ತವೆ. ಇದು ಮೆಟ್ಟಿಲಲ್ಲ, ಇಳಿಜಾರು. ಎಲ್ಲಿ ಗೆರೆ ಎಳೆದಿರಿ ಎಂಬುದನ್ನು ಓದುಗರಿಗೆ ಹೇಳಿಬಿಡಿ. ಮೇಲ್ಮೈ ಪ್ರೋಟೀನ್‌ಗಳಿಂದ ಕೋಶಗಳನ್ನು ಎಣಿಸುವ ಫ್ಲೋ ಸೈಟೊಮೆಟ್ರಿಯಲ್ಲಿ ಮುಗ್ಧ ಮತ್ತು ನೆನಪಿನ ಕೋಶಗಳನ್ನು ಬೇರ್ಪಡಿಸುವ ಸಿಡಿ45ಆರ್‌ಎ ಮತ್ತು ಸಿಡಿ45ಆರ್‌ಒಗಳು ಪಿಟಿಪಿಆರ್‌ಸಿ ಎಂಬ ಒಂದೇ ಜೀನ್‌ನ ಆರ್‌ಎನ್‌ಎಯ ಬೇರೆಬೇರೆ ಹೊಲಿಗೆಗಳು (ಸ್ಪ್ಲೈಸಿಂಗ್). ಸಾಮಾನ್ಯ 3′ ಎಣಿಕೆಯಲ್ಲಿ ಅವೆರಡೂ ಒಂದೇ ಸಂಖ್ಯೆಯಾಗಿ ಕೂಡಿಹೋಗುತ್ತವೆ. ಅಲ್ಲಿ ಆ ವ್ಯತ್ಯಾಸವನ್ನು ಹುಡುಕಿ ಪ್ರಯೋಜನವಿಲ್ಲ.

ರಕ್ಷಣಾ ವ್ಯವಸ್ಥೆಯನ್ನು ಹತೋಟಿಯಲ್ಲಿಡುವ ನಿಯಂತ್ರಕ ಟಿ ಕೋಶಗಳ ಕುರಿತ ಶೋಧಕ್ಕೆ 2025ರ ವೈದ್ಯಕೀಯ ನೊಬೆಲ್ ಬಂದ ಮೇಲೆ ಎಫ್‌ಒಎಕ್ಸ್‌ಪಿ3 ಹೆಸರು ಮನೆಮಾತಾಗಿದೆ. ಆದರೂ ಅದೊಂದನ್ನೇ ನೆಚ್ಚಬೇಡಿ: ಮನುಷ್ಯರ ಸಾಧಾರಣ ಟಿ ಕೋಶವೂ ಚುರುಕುಗೊಂಡಾಗ ಅದನ್ನು ಸ್ವಲ್ಪ ಕಾಲ ತೋರಿಸುತ್ತದೆ. ಎಫ್‌ಒಎಕ್ಸ್‌ಪಿ3ಯ ಜೊತೆಗೆ ಐಎಲ್2ಆರ್‌ಎ, ಸಿಟಿಎಲ್‌ಎ4, ಐಕೆಜೆಡ್‌ಎಫ್2, ಆರ್‌ಟಿಕೆಎನ್2 ಏರಿ, ಐಎಲ್7ಆರ್ ಇಳಿದಿದ್ದರೆ ನಿಶ್ಚಿಂತೆಯಿಂದ ಹೆಸರಿಡಬಹುದು.

ಲೋಳೆಪೊರೆಗೆ ಸಂಬಂಧಿಸಿದ ಮೈಟ್ ಕೋಶಗಳನ್ನು ಎಸ್‌ಎಲ್‌ಸಿ4ಎ10 ಮತ್ತು ಜೋರಾದ ಕೆಎಲ್‌ಆರ್‌ಬಿ1 ತೋರಿಸಿಕೊಡುತ್ತವೆ. 5′ ದತ್ತಾಂಶವಾದರೆ ಟಿಆರ್‌ಎವಿ1-2 ಅದನ್ನು ಖಚಿತಪಡಿಸುತ್ತದೆ. ಎನ್‌ಕೆಟಿ ಎಂಬ ಹೆಸರನ್ನು ಮಾತ್ರ ಜೋಪಾನವಾಗಿ ಬಳಸಿ. ಟಿ ಮತ್ತು ಎನ್‌ಕೆ ಗುರುತುಗಳು ಬೆರೆತ ಗುಂಪಿಗೆಲ್ಲ ಅದನ್ನು ಅಂಟಿಸುವುದು ನಾನು ಕಂಡ ಅತಿ ಸಾಮಾನ್ಯ ತಪ್ಪು. ಬದಲಾಗದ ಒಂದೇ ಬಗೆಯ ಗ್ರಾಹಕವಿರುವ ನಿಜವಾದ ಎನ್‌ಕೆಟಿ ಕೋಶ ಮನುಷ್ಯರ ರಕ್ತದಲ್ಲಿ ಬಹಳ ಅಪರೂಪ, ಮತ್ತು ಟಿಆರ್‌ಎವಿ10, ಟಿಆರ್‌ಬಿವಿ25-1 ಜೋಡಿಯನ್ನು ತೋರಿಸದೆ ಅದನ್ನು ಸಾಬೀತುಪಡಿಸುವುದು ಕಷ್ಟ. ಬೆರೆತ ಗುಂಪು ಹೆಚ್ಚಿನ ಪಾಲು ಕೊಲ್ಲುವ ಸಿಡಿ8 ಕೋಶವೋ, ಗಾಮಾ-ಡೆಲ್ಟಾ ಕೋಶವೋ ಆಗಿರುತ್ತದೆ.

ನೆರವಾಗುವ ಸಿಡಿ4 ಕೋಶಗಳ ಟಿಎಚ್1, ಟಿಎಚ್2, ಟಿಎಚ್17 ವಿಂಗಡಣೆಗೆ ಟಿಬಿಎಕ್ಸ್21, ಗಾಟಾ3, ಆರ್‌ಒಆರ್‌ಸಿಗಳಿವೆ. ಆದರೆ ವಿಶ್ರಾಂತಿಯಲ್ಲಿರುವ ರಕ್ತಕೋಶಗಳಲ್ಲಿ ಸೈಟೊಕೈನ್ (ಸಂಕೇತ ಪ್ರೋಟೀನ್) ಜೀನ್‌ಗಳು ಬಹುತೇಕ ಮೌನವಾಗಿರುವುದರಿಂದ ಆ ಗೆರೆಗಳು ಮಸುಕಾಗಿರುತ್ತವೆ. ಒತ್ತಾಯದಿಂದ ಎಳೆಯಬೇಡಿ.

ಬಗೆ ಬೇರೆ, ಸ್ಥಿತಿ ಬೇರೆ ಎಂಬುದನ್ನೂ ಇಲ್ಲೇ ಗಮನಿಸಬೇಕು. ಎಂಕೆಐ67, ಟಿಒಪಿ2ಎ ಇದ್ದರೆ ಕೋಶ ವಿಭಜನೆಯಲ್ಲಿದೆ. ಐಎಸ್‌ಜಿ15, ಎಂಎಕ್ಸ್1 ಇದ್ದರೆ ಇಂಟರ್‌ಫೆರಾನ್‌ಗೆ ಸ್ಪಂದಿಸುತ್ತಿದೆ. ಇವು ಯಾವ ಬಗೆಯ ಕೋಶಕ್ಕಾದರೂ ಬರಬಹುದಾದ ಸ್ಥಿತಿಗಳು. ಪಿಡಿಸಿಡಿ1 ಒಂದನ್ನೇ ಕಂಡು ಬಳಲಿದ ಟಿ ಕೋಶ ಎಂದು ಬರೆಯಬಾರದು, ಈಗಷ್ಟೇ ಚುರುಕಾದ ಕೋಶದಲ್ಲೂ ಅದು ಇರುತ್ತದೆ. ಟಿಒಎಕ್ಸ್, ಎಚ್‌ಎವಿಸಿಆರ್2, ಎಲ್‌ಎಜಿ3, ಇಎನ್‌ಟಿಪಿಡಿ1 ಒಟ್ಟಿಗೆ ಬಂದಾಗ ಮಾತಾಡಬಹುದು.

ಆರನೆಯ ಹೆಜ್ಜೆ: ಆಕರದೊಂದಿಗೆ ಹೋಲಿಸುವುದು

ಅಜಿಮತ್, ಸೆಲ್‌ಟೈಪಿಸ್ಟ್, ಸಿಂಗಲ್‌ಆರ್ ಮುಂತಾದ ಸಲಕರಣೆಗಳು ಹೆಸರಿಟ್ಟ ಆಕರದ ಕೋಶಗಳಿಗೆ ನಿಮ್ಮ ಕೋಶಗಳನ್ನು ಹೋಲಿಸಿ ಹೆಸರು ಸೂಚಿಸುತ್ತವೆ. ಅಜಿಮತ್‌ನ ರಕ್ತದ ಆಕರದಲ್ಲಿ 1,61,764 ಕೋಶಗಳಿದ್ದು, ಅವುಗಳಲ್ಲಿ ಆರ್‌ಎನ್‌ಎ ಜೊತೆಗೆ 228 ಪ್ರತಿಕಾಯಗಳಿಂದ ಮೇಲ್ಮೈ ಪ್ರೋಟೀನ್‌ಗಳನ್ನೂ ಅಳೆಯಲಾಗಿದೆ. ಅದರ ಬಲವೇ ಅದು. ಕೈಯಾರೆ ಹೆಸರಿಟ್ಟ ನಂತರ ಇವನ್ನು ಓಡಿಸಿ, ಎರಡನ್ನೂ ಪಕ್ಕಪಕ್ಕದಲ್ಲಿ ಇಡುವುದು ನನ್ನ ಕ್ರಮ. ಮೊದಲೇ ಓಡಿಸಿದರೆ ಕಣ್ಣು ಅದು ಹೇಳಿದ್ದನ್ನೇ ಹುಡುಕುತ್ತದೆ.

ಆಕರದಲ್ಲಿ ಇಲ್ಲದ ಬಗೆಯನ್ನು ಈ ಸಲಕರಣೆಗಳು ಹೇಳಲಾರವು. ಗಡ್ಡೆಯಿಂದ ಬಂದ ಟಿ ಕೋಶಗಳನ್ನು ರಕ್ತದ ಆಕರಕ್ಕೆ ಕೊಟ್ಟರೆ, ಬಳಲಿದ ಕೋಶಕ್ಕೆ ಅಲ್ಲಿ ಮನೆಯೇ ಇಲ್ಲದ್ದರಿಂದ ಹತ್ತಿರದ ಯಾವುದೋ ಹೆಸರನ್ನು ಅದಕ್ಕೆ ತೊಡಿಸುತ್ತವೆ. ಆದ್ದರಿಂದ ಪ್ರತಿ ಕೋಶದ ವಿಶ್ವಾಸಾಂಕವನ್ನು ಕಡ್ಡಾಯವಾಗಿ ನೋಡಿ. ಹಳೆಯ ಆಕರಗಳಲ್ಲಿ ಯುರೋಪ್ ಮೂಲದ ದಾನಿಗಳೇ ಹೆಚ್ಚು ಎಂಬುದನ್ನು ನಮ್ಮವರ ರಕ್ತದೊಂದಿಗೆ ಕೆಲಸ ಮಾಡುವವರು ನೆನಪಿಡಬೇಕು. ಭಾರತವೂ ಸೇರಿದಂತೆ ಏಷ್ಯಾದ ಐದು ದೇಶಗಳ ದಾನಿಗಳ ರಕ್ತಕೋಶಗಳ ಏಷ್ಯನ್ ಇಮ್ಯೂನ್ ಡೈವರ್ಸಿಟಿ ಅಟ್ಲಾಸ್ ಈಗ ಲಭ್ಯವಿದೆ. ಅದರೊಂದಿಗೂ ಹೋಲಿಸಿ ನೋಡಿ.

ಕೊನೆಯ ಹೆಜ್ಜೆ: ಪರಿಶೀಲಿಸಿ, ಬರೆದಿಡುವುದು

ಪ್ರತಿ ಗುಂಪಿನಲ್ಲಿ ಎಷ್ಟು ದಾನಿಗಳ ಕೋಶಗಳಿವೆ ಎಂದು ಎಣಿಸಿ. ಒಬ್ಬರಿಂದಲೇ ಬಂದ ಗುಂಪಾದರೆ, ಅದು ಆ ವ್ಯಕ್ತಿಯ ವಿಶೇಷವೋ ಮಾದರಿಯ ದೋಷವೋ ಎಂದು ಮೊದಲು ಪತ್ತೆಮಾಡಿ. ಪ್ರಮಾಣಗಳನ್ನೂ ನೋಡಿ: ಆರೋಗ್ಯವಂತರ ರಕ್ತದಲ್ಲಿ ಸಿಡಿ4 ಟಿ ಕೋಶಗಳು ಸಾಮಾನ್ಯವಾಗಿ ಸಿಡಿ8ಕ್ಕಿಂತ ಹೆಚ್ಚಿರುತ್ತವೆ. ನಿಮ್ಮ ವಿಂಗಡಣೆಯಲ್ಲಿ ಎನ್‌ಕೆ ಕೋಶಗಳೇ ಟಿ ಕೋಶಗಳನ್ನು ಮೀರಿದ್ದರೆ ಮೂರನೆಯ ಹೆಜ್ಜೆಗೆ ವಾಪಸು ಹೋಗಿ. ಎರಡು ಗುಂಪುಗಳ ನಡುವಿನ ವ್ಯತ್ಯಾಸವನ್ನು ಪರೀಕ್ಷಿಸುವಾಗ ಬಿಡಿ ಕೋಶಗಳನ್ನು ಸ್ವತಂತ್ರ ಮಾದರಿಗಳೆಂದು ಎಣಿಸದೆ, ದಾನಿಗೊಂದರಂತೆ ಒಟ್ಟುಗೂಡಿಸಿ ಲೆಕ್ಕ ಹಾಕಿ. ಅದೇ ರಕ್ತದ ಒಂದು ಪಾಲನ್ನು ಫ್ಲೋ ಸೈಟೊಮೆಟ್ರಿಗೆ ಕೊಡಲು ಸಾಧ್ಯವಿದ್ದರೆ ಖಂಡಿತ ಕೊಡಿ.

ಇದೆಲ್ಲವನ್ನೂ ಒಂದು ಪಟ್ಟಿಯಲ್ಲಿ ಬರೆದಿಡಬೇಕು. ಪ್ರತಿ ಗುಂಪಿಗೂ ಇಟ್ಟ ಹೆಸರು, ಪರವಾದ ಸಾಕ್ಷಿ, ವಿರುದ್ಧವಾದ ಸಾಕ್ಷಿ, ಎಷ್ಟು ಖಚಿತ ಎಂಬ ನಾಲ್ಕು ಅಂಕಣಗಳಿರಲಿ. ನನ್ನ ಪಟ್ಟಿಯ ಒಂದು ಸಾಲು ಹೀಗಿದೆ: ‘ಗುಂಪು 7. ಕೊಲ್ಲುವ ಟಿ ಕೋಶ, ಒಳಬಗೆ ತೀರ್ಮಾನವಾಗಿಲ್ಲ. ಪರ: ಸಿಡಿ3ಡಿ, ಸಿಡಿ3ಜಿ, ಎನ್‌ಕೆಜಿ7, ಜಿಜೆಡ್‌ಎಂಎಚ್. ವಿರುದ್ಧ: ಸಿಡಿ8ಬಿ ಅರ್ಧದಷ್ಟು ಕೋಶಗಳಲ್ಲಿ ಮಾತ್ರ, ಟಿಆರ್‌ಡಿಸಿ ಉಳಿದರ್ಧದಲ್ಲಿ. 3′ ದತ್ತಾಂಶ, ಗ್ರಾಹಕದ ಸೀಕ್ವೆನ್ಸ್ ಇಲ್ಲ. ಬಹುಶಃ ಸಿಡಿ8 ಮತ್ತು ಗಾಮಾ-ಡೆಲ್ಟಾ ಎರಡೂ ಬೆರೆತಿವೆ. ಮತ್ತೊಮ್ಮೆ ವಿಂಗಡಿಸಿದರೂ ಬೇರೆಯಾಗಲಿಲ್ಲ.’ ಆ ಗುಂಪು ವರದಿಯಲ್ಲೂ ಅದೇ ಹೆಸರಿನಲ್ಲಿ ಹೋಯಿತು.